ಪುಲಿಟ್ಜರ್ ಪತ್ರಕರ್ತರಿಗೆ ಮಾತ್ರ ಅಲ್ಲ: ಕಾದಂಬರಿ, ನಾಟಕ, ಸಂಗೀತಕ್ಕೆ ಆ ಪ್ರಶಸ್ತಿ ಸಿಗುವುದು ಹೇಗೆ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ನಮ್ಮಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಮೊದಲೆಲ್ಲ ಹೊರದೇಶದ ಸಾಹಿತ್ಯ ಪ್ರಶಸ್ತಿ ಅಂದರೆ ಪೇಪರಿನ ಒಳಪುಟದ ಸಣ್ಣ ಸುದ್ದಿ. ಈಗ ಜನ ನಿಂತು ಕೇಳುತ್ತಾರೆ. ಇದನ್ನು ಯಾರು ಕೊಡುತ್ತಾರೆ? ಯಾರು ಆರಿಸುತ್ತಾರೆ? ನಮ್ಮವರಿಗೂ ಸಿಗುತ್ತದಾ?

ಆ ಮೇ 20ಕ್ಕೆ ಹದಿನೈದು ದಿನ ಮೊದಲು, ಮೇ 5ರಂದು, ನ್ಯೂಯಾರ್ಕಿನಿಂದ ಇನ್ನೊಂದು ಪಟ್ಟಿ ಬಂದಿತ್ತು. ಅದು ಪುಲಿಟ್ಜರ್ ಪಟ್ಟಿ. ಪರ್ಸಿವಲ್ ಎವರೆಟ್ ಬರೆದ ‘ಜೇಮ್ಸ್’ ಕಾದಂಬರಿಗೆ ಪ್ರಶಸ್ತಿ ಬಂದ ಸುದ್ದಿ ನೋಡಿದ ಗೆಳೆಯರೊಬ್ಬರು ನನ್ನನ್ನು ಕೇಳಿದರು: “ಪುಲಿಟ್ಜರ್ ಅಂದ್ರೆ ಪೇಪರ್‌ನವರಿಗೆ ಕೊಡೋದು ಅಲ್ವಾ? ಇದರಲ್ಲಿ ಕಾದಂಬರಿ ಎಲ್ಲಿಂದ ಬಂತು?”

ಈ ಪ್ರಶ್ನೆ ತುಂಬಾ ಜನರಲ್ಲಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಕೈ ಆಡಿಸಿದವರಿಗೆ ನೆನಪಿರಬಹುದು. ಕೆಲವು ಇಂಗ್ಲಿಷ್ ಕಾದಂಬರಿಗಳ ಮುಖಪುಟದ ಮೇಲೆ ಚಿನ್ನದ ಬಣ್ಣದ ಒಂದು ದುಂಡು ಮುದ್ರೆ ಇರುತ್ತದೆ. ಪುಲಿಟ್ಜರ್ ಹೆಸರು ಎಷ್ಟೋ ಸಲ ಕಣ್ಣಿಗೆ ಬೀಳುವುದು ಅಲ್ಲೇ. ಆ ಮುದ್ರೆ ಪುಸ್ತಕದ ಮೇಲೆ ಹೇಗೆ ಬಂತು ಎಂಬುದರ ಹಿಂದೆ ನೂರು ವರ್ಷ ದಾಟಿದ ಒಂದು ವ್ಯವಸ್ಥೆ ಇದೆ. ಅಲ್ಲಿ ಜಗಳಗಳಾಗಿವೆ, ನಿಯಮಗಳು ಬದಲಾಗಿವೆ. ಬುಡದಿಂದ ನೋಡೋಣ.

ಪುಲಿಟ್ಜರ್ ಒಬ್ಬ ಮನುಷ್ಯನ ಹೆಸರು

ಜೋಸೆಫ್ ಪುಲಿಟ್ಜರ್ ಹುಟ್ಟಿದ್ದು 1847ರಲ್ಲಿ, ಹಂಗೇರಿಯ ಮಾಕೋ ಎಂಬ ಊರಿನಲ್ಲಿ. 1864ರಲ್ಲಿ, ಹದಿನೇಳರ ಹುಡುಗನಾಗಿದ್ದಾಗ, ಅಮೆರಿಕಕ್ಕೆ ಬಂದರು. ಬಂದದ್ದು ಅಲ್ಲಿನ ಅಂತರ್ಯುದ್ಧದಲ್ಲಿ ಸೈನಿಕನಾಗಿ ಕೆಲಸ ಮಾಡಲು. ಆಮೇಲೆ ಸೇಂಟ್ ಲೂಯಿಸ್ ಊರಿನಲ್ಲಿ ಪತ್ರಿಕೆ ನಡೆಸಿ ಗೆದ್ದರು. 1883ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆ ಕೊಂಡು ದೊಡ್ಡ ಶ್ರೀಮಂತರಾದರು. ಆ ಕಾಲದಲ್ಲಿ ಅವರ ಪತ್ರಿಕೆ ರೋಚಕ ಸುದ್ದಿಗೂ ಹೆಸರಾಗಿತ್ತು.

1904ರಲ್ಲಿ ಅವರು ಉಯಿಲು ಬರೆದರು. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 20 ಲಕ್ಷ ಡಾಲರ್ ಇಟ್ಟರು. ಅದರಲ್ಲಿ ಪತ್ರಿಕೋದ್ಯಮ ಕಲಿಸುವ ಶಾಲೆ ಕಟ್ಟಬೇಕು, ನಾಲ್ಕರಲ್ಲಿ ಒಂದು ಪಾಲನ್ನು ಪ್ರಶಸ್ತಿ ಮತ್ತು ವಿದ್ಯಾರ್ಥಿವೇತನಕ್ಕೆ ಬಳಸಬೇಕು ಎಂದರು. ಆ ಉಯಿಲಿನಲ್ಲಿ ಪತ್ರಿಕೋದ್ಯಮಕ್ಕೆ ನಾಲ್ಕು ಪ್ರಶಸ್ತಿ ಇದ್ದವು. ಪುಸ್ತಕ ಮತ್ತು ನಾಟಕಕ್ಕೂ ನಾಲ್ಕೇ! ಅಂದರೆ ಕಾದಂಬರಿಯೂ ನಾಟಕವೂ ಆಮೇಲೆ ಬಂದು ಸೇರಿಕೊಂಡವಲ್ಲ. ಮೊದಲ ದಿನದಿಂದಲೂ ಮನೆಯವೇ.

ಪುಲಿಟ್ಜರ್ 1911ರಲ್ಲಿ ತೀರಿಕೊಂಡರು. ಮೊದಲ ಪ್ರಶಸ್ತಿಗಳು ಬಂದದ್ದು 1917ರಲ್ಲಿ. ಆ ವರ್ಷ ಕಾದಂಬರಿಗೂ ನಾಟಕಕ್ಕೂ ಯಾರೂ ಸಿಗಲಿಲ್ಲ. ಇತಿಹಾಸದ ಪ್ರಶಸ್ತಿ ಹೋದದ್ದು ಜ್ಯೂಸೆರಾಂ ಎಂಬ ಫ್ರೆಂಚ್ ರಾಯಭಾರಿಗೆ. ಅಮೆರಿಕದ ಇತಿಹಾಸದ ಬಗ್ಗೆ ಅವರು ಬರೆದಿದ್ದರು.

ಈಗ ಪತ್ರಿಕೋದ್ಯಮ ಬಿಟ್ಟು ಉಳಿದ ಕಡೆ ಎಂಟು ವಿಭಾಗಗಳಿವೆ. ಕಥೆ-ಕಾದಂಬರಿ, ನಾಟಕ, ಇತಿಹಾಸ, ಜೀವನಚರಿತ್ರೆ, ಕವಿತೆ, ಸಂಗೀತ, ಜೊತೆಗೆ ಈ ಯಾವುದಕ್ಕೂ ಸೇರದ ಗದ್ಯಕ್ಕೆಂದು ‘ಜನರಲ್ ನಾನ್‌ಫಿಕ್ಷನ್’. ಎಂಟನೆಯದು 2023ರಲ್ಲಿ ಶುರುವಾಯಿತು. ತನ್ನ ಬದುಕನ್ನು ತಾನೇ ಬರೆದ ಆತ್ಮಕಥೆ, ನೆನಪುಗಳ ಪುಸ್ತಕಕ್ಕೆ ಅದು. ಅಲ್ಲಿಯವರೆಗೆ ಬೇರೆಯವರ ಬದುಕನ್ನು ಸಂಶೋಧಿಸಿ ಬರೆದವರೂ ತಮ್ಮದೇ ಬದುಕನ್ನು ಬರೆದವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು.

ಹಣ 15,000 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 13 ಲಕ್ಷ ರೂಪಾಯಿ. ಇಂಟರ್‌ನ್ಯಾಷನಲ್ ಬೂಕರ್‌ನ 50,000 ಪೌಂಡ್ ಪಕ್ಕದಲ್ಲಿಟ್ಟರೆ ಇದು ಚಿಕ್ಕದು. ಆ ಚಿನ್ನದ ಮುದ್ರೆಯಿಂದ ಆಗುವ ಮಾರಾಟ ಮಾತ್ರ ಚಿಕ್ಕದಲ್ಲ.

ಕೃತಿಗೆ ಪ್ರಶಸ್ತಿ, ಬದುಕಿನ ಸಾಧನೆಗೆ ಪ್ರಶಸ್ತಿ

ಇಲ್ಲೊಂದು ವ್ಯತ್ಯಾಸ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ನಮ್ಮ ಜ್ಞಾನಪೀಠವನ್ನು ತೆಗೆದುಕೊಳ್ಳಿ. ಕುವೆಂಪು ಅವರಿಗೆ ‘ಶ್ರೀ ರಾಮಾಯಣ ದರ್ಶನಂ’ಗೆ ಬಂತು, ಬೇಂದ್ರೆಯವರಿಗೆ ‘ನಾಕುತಂತಿ’ಗೆ, ಕಾರಂತರಿಗೆ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ. ಆಗ ಅದು ಒಂದು ಕೃತಿಗೆ ಕೊಡುವ ಪ್ರಶಸ್ತಿ. 1982ರಿಂದ ಅದು ಲೇಖಕರ ಒಟ್ಟು ಸಾಹಿತ್ಯಕ್ಕೆ ಕೊಡುವ ಪ್ರಶಸ್ತಿ ಆಯಿತು. ಅದಕ್ಕೇ ಅನಂತಮೂರ್ತಿ, ಕಾರ್ನಾಡ್, ಕಂಬಾರ ಅವರ ಹೆಸರಿನ ಮುಂದೆ ಒಂದು ಪುಸ್ತಕದ ಹೆಸರು ಹೇಳುವುದಿಲ್ಲ.

ಪುಲಿಟ್ಜರ್ ಇವತ್ತಿಗೂ ಕೃತಿಯದ್ದು. ಅದೂ ಒಂದೇ ವರ್ಷದ ಲೆಕ್ಕ. ಜನವರಿಯಿಂದ ಡಿಸೆಂಬರ್‌ವರೆಗೆ ಬಂದ ಪುಸ್ತಕ, ಆಡಿದ ನಾಟಕ, ಮೊದಲ ಸಲ ಕೇಳಿಸಿದ ಸಂಗೀತ. ಮೊದಲ ಪುಸ್ತಕ ಬರೆದ ಹುಡುಗಿಯೂ ಐವತ್ತು ವರ್ಷ ಬರೆದ ಹಿರಿಯರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. 2000ದಲ್ಲಿ ಝುಂಪಾ ಲಾಹಿರಿ ಗೆದ್ದದ್ದು ಹೀಗೆ. ಅವರ ಮೊದಲ ಪುಸ್ತಕ, ಒಂಬತ್ತು ಸಣ್ಣಕಥೆಗಳ ಸಂಕಲನ.

ಸಣ್ಣಕಥೆ ಎಂದಾಗ ಇನ್ನೊಂದು ವಿಷಯ. ಈ ವಿಭಾಗದ ಹೆಸರು ಮೊದಲು ‘ಕಾದಂಬರಿ’ ಎಂದೇ ಇತ್ತು. 1948ರಿಂದ ಅದನ್ನು ‘ಫಿಕ್ಷನ್’ ಎಂದು ಬದಲಿಸಿದರು. ಆ ಒಂದು ಬದಲಾವಣೆ ಆಗದಿದ್ದರೆ ಕಥಾಸಂಕಲನಗಳಿಗೆ ಬಾಗಿಲೇ ಇರುತ್ತಿರಲಿಲ್ಲ.

ಆರಿಸುವವರು ಒಬ್ಬರು, ನಿರ್ಧರಿಸುವವರು ಇನ್ನೊಬ್ಬರು

ಪುಲಿಟ್ಜರ್ ಅರ್ಥ ಆಗಬೇಕಾದರೆ ಈ ಭಾಗ ಗಟ್ಟಿಯಾಗಿ ತಿಳಿದಿರಬೇಕು. ಹೆಚ್ಚಿನ ಗೊಂದಲ, ಹೆಚ್ಚಿನ ಸಿಟ್ಟು ಹುಟ್ಟಿದ್ದು ಇಲ್ಲೇ.

ಮನೆಯಲ್ಲಿ ಮಗಳಿಗೆ ಗಂಡು ಹುಡುಕುವಾಗ ಏನಾಗುತ್ತದೆ? ಸೋದರಮಾವ, ಚಿಕ್ಕಪ್ಪ ಎಲ್ಲ ಊರೂರು ತಿರುಗಿ, ನೂರು ಕಡೆ ವಿಚಾರಿಸಿ, ಮೂರು ಒಳ್ಳೆಯ ಸಂಬಂಧ ತಂದು ಮುಂದಿಡುತ್ತಾರೆ. ತಿರುಗಾಟ ಅವರದ್ದು. ಆದರೆ ‘ಹೂಂ’ ಅನ್ನುವ ಅಧಿಕಾರ ಮನೆಯವರದ್ದು. ಮನೆಯವರು ಮೂರರಲ್ಲಿ ಒಂದನ್ನು ಒಪ್ಪಬಹುದು. ಇನ್ನೊಂದು ತನ್ನಿ ಅನ್ನಬಹುದು. ಯಾವುದೂ ಬೇಡ ಅಂತಲೂ ಹೇಳಬಹುದು.

ಪುಲಿಟ್ಜರ್ ನಡೆಯುವುದು ಹೆಚ್ಚು ಕಡಿಮೆ ಹೀಗೆಯೇ. ತಿರುಗುವವರು ‘ಜ್ಯೂರಿ’. ಆಯಾ ವಿಭಾಗಕ್ಕೆ ಬೇರೆ ಬೇರೆ ಜ್ಯೂರಿ ಇರುತ್ತದೆ. ಅದರಲ್ಲಿ ಲೇಖಕರು, ವಿಮರ್ಶಕರು, ಪ್ರಾಧ್ಯಾಪಕರು ಇರುತ್ತಾರೆ. ಬಂದ ಪುಸ್ತಕಗಳನ್ನು ತಿಂಗಳುಗಟ್ಟಲೆ ಓದುವವರು ಅವರೇ. ಕೊನೆಗೆ ಮೂರು ಪುಸ್ತಕ ಆರಿಸಿ, ಒಂದನೇದು ಎರಡನೇದು ಅಂತ ಅಂಕ ಹಾಕದೆ, ಮೇಲಿನವರಿಗೆ ಕಳಿಸುತ್ತಾರೆ. ಮೇಲಿನವರು ‘ಬೋರ್ಡ್’. ಸಂಪಾದಕರು, ಪತ್ರಕರ್ತರು, ವಿದ್ವಾಂಸರು ಇರುವ ಸುಮಾರು ಇಪ್ಪತ್ತು ಜನರ ಮಂಡಳಿ. ಅವರು ಆ ಮೂರನ್ನು ಓದಿ ಮತ ಹಾಕುತ್ತಾರೆ. ಬಹುಮತ ಬಂದ ಪುಸ್ತಕ ಗೆಲ್ಲುತ್ತದೆ. ಬರದಿದ್ದರೆ ಇನ್ನೊಂದು ಹೆಸರು ಕೇಳಬಹುದು, ಇಲ್ಲವಾದರೆ ಆ ವರ್ಷ ಪ್ರಶಸ್ತಿ ಇಲ್ಲ.

2012ರಲ್ಲಿ ಹೀಗೇ ಆಯಿತು. ಮೂರು ಜನರ ಜ್ಯೂರಿ 300ಕ್ಕೂ ಹೆಚ್ಚು ಕಥೆ-ಕಾದಂಬರಿ ಓದಿತು. ಅವರಲ್ಲಿ ಒಬ್ಬರು ಮೈಕಲ್ ಕನ್ನಿಂಗ್‌ಹ್ಯಾಮ್. ಹಿಂದೆ ತಾವೇ ಪುಲಿಟ್ಜರ್ ಗೆದ್ದಿದ್ದ ಕಾದಂಬರಿಕಾರ. ಡೆನಿಸ್ ಜಾನ್ಸನ್, ಕ್ಯಾರನ್ ರಸೆಲ್, ಡೇವಿಡ್ ಫಾಸ್ಟರ್ ವಾಲೇಸ್ ಬರೆದ ಮೂರು ಪುಸ್ತಕ ಕಳಿಸಿದರು. ಬೋರ್ಡಿನಲ್ಲಿ ಯಾವುದಕ್ಕೂ ಬಹುಮತ ಬರಲಿಲ್ಲ. ಪ್ರಶಸ್ತಿ ಇಲ್ಲ ಎಂಬ ಸುದ್ದಿ ಜ್ಯೂರಿಯವರಿಗೂ ಎಲ್ಲರಂತೆ ಘೋಷಣೆಯ ದಿನವೇ ತಿಳಿಯಿತು. ಅಷ್ಟು ತಿಂಗಳು ಕಣ್ಣು ನೋಯಿಸಿಕೊಂಡು ಓದಿದವರಿಗೆ ಹೇಗಾಗಿರಬೇಡ! ಅವರು ತಮ್ಮ ನೋವನ್ನು ಬಹಿರಂಗವಾಗಿಯೇ ಬರೆದರು.

ಇದು ಮೊದಲ ಸಲ ಏನಲ್ಲ. 1974ರಲ್ಲಿ ಜ್ಯೂರಿ ಒಮ್ಮತದಿಂದ ಥಾಮಸ್ ಪಿಂಚನ್ ಅವರ ‘ಗ್ರ್ಯಾವಿಟೀಸ್ ರೇನ್‌ಬೋ’ ಹೆಸರು ಹೇಳಿತು. ಬೋರ್ಡಿನವರು ಅದನ್ನು ಒಪ್ಪಲಿಲ್ಲ. 1941ರಲ್ಲಿ ಹೆಮಿಂಗ್ವೆಯ ಸ್ಪೇನ್ ಯುದ್ಧದ ಕಾದಂಬರಿಗೆ ಪ್ರಶಸ್ತಿ ಕೊಡುವ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರೇ ಅಡ್ಡ ನಿಂತರು. ಎರಡೂ ವರ್ಷ ಆ ಜಾಗ ಖಾಲಿ. ಹೆಮಿಂಗ್ವೆಗೆ ಪ್ರಶಸ್ತಿ ಬಂದದ್ದು 1953ರಲ್ಲಿ, ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಪುಸ್ತಕಕ್ಕೆ.

ನನ್ನ ಗೆಳೆಯರು ಕೇಳಿದ ‘ಜೇಮ್ಸ್’ ಗೆದ್ದ ದಾರಿಯೂ ಸೀದಾ ಅಲ್ಲ. ಮಾರ್ಕ್ ಟ್ವೇನ್ ಬರೆದ ಹಕಲ್‌ಬೆರಿ ಫಿನ್ನನ ಕಥೆಯನ್ನು ಅದರಲ್ಲಿನ ಗುಲಾಮ ಜಿಮ್‌ನ ಬಾಯಿಂದ ಹೇಳಿಸುವ ಕಾದಂಬರಿ ಅದು. ರಾಮಾಯಣವನ್ನು ಊರ್ಮಿಳೆಯ ಬಾಯಿಂದ ಕೇಳಿದ ಹಾಗೆ. ಜ್ಯೂರಿ ಮೊದಲು ಕಳಿಸಿದ ಮೂರರಲ್ಲಿ ಈ ಪುಸ್ತಕ ಇರಲಿಲ್ಲ. ಆ ಮೂರಕ್ಕೂ ಬಹುಮತ ಬರದಾಗ ಬೋರ್ಡ್ “ಇನ್ನೊಂದು ಹೆಸರು ಕೊಡಿ” ಎಂದಿತು. ನಾಲ್ಕನೆಯದಾಗಿ ಬಂದ ಪುಸ್ತಕ ಗೆದ್ದಿತು. 2012ರ ಖಾಲಿ ಜಾಗಕ್ಕಿಂತ ಇದು ಎಷ್ಟೋ ಒಳ್ಳೆಯ ದಾರಿ ಎಂದು ನನಗನ್ನಿಸುತ್ತದೆ.

2023ರಲ್ಲಿ ಉಲ್ಟಾ ಆಯಿತು. ಬಾರ್ಬರಾ ಕಿಂಗ್‌ಸಾಲ್ವರ್ ಮತ್ತು ಹರ್ನಾನ್ ಡಿಯಾಸ್ ಇಬ್ಬರ ಕಾದಂಬರಿಗೂ ಪ್ರಶಸ್ತಿ ಕೊಟ್ಟರು. ಕಥೆ-ಕಾದಂಬರಿ ವಿಭಾಗದಲ್ಲಿ ಹಾಗೆ ಆದದ್ದು ಅದೇ ಮೊದಲು.

ಇನ್ನೊಂದು ಎಚ್ಚರಿಕೆ. ‘ಪುಲಿಟ್ಜರ್‌ಗೆ ನಾಮನಿರ್ದೇಶನಗೊಂಡ ಲೇಖಕ’ ಎಂದು ಪರಿಚಯ ಮಾಡುವುದನ್ನು ಕೇಳಿರುತ್ತೀರಿ. ನಿಯಮಕ್ಕೆ ಹೊಂದುವ ಯಾವ ಪುಸ್ತಕವನ್ನೂ ಶುಲ್ಕ ಕಟ್ಟಿ ಕಳಿಸಬಹುದು. ಕಳಿಸಿದ ಮಾತ್ರಕ್ಕೆ ನಾಮನಿರ್ದೇಶನ ಆಗುವುದಿಲ್ಲ. ಅದು ಬರೀ ಅರ್ಜಿ ಹಾಕಿದ ಹಾಗೆ. ಜ್ಯೂರಿ ಆರಿಸಿದ ಆ ಮೂವರನ್ನು ಮಾತ್ರ ‘ಫೈನಲಿಸ್ಟ್’ ಅನ್ನುತ್ತಾರೆ. 1980ರಿಂದ ಅವರ ಹೆಸರನ್ನೂ ಗೆದ್ದವರ ಜೊತೆಗೇ ಪ್ರಕಟಿಸುತ್ತಾರೆ. ಬೂಕರ್‌ನಲ್ಲಿ ಮೊದಲು ಉದ್ದ ಪಟ್ಟಿ, ಆಮೇಲೆ ಆರು ಪುಸ್ತಕಗಳ ಕಿರುಪಟ್ಟಿ, ಕೊನೆಗೆ ವಿಜೇತರು ಎಂದು ತಿಂಗಳುಗಟ್ಟಲೆ ಕುತೂಹಲ ಇರುತ್ತದಲ್ಲ, ಇಲ್ಲಿ ಅದಿಲ್ಲ. ಎಲ್ಲ ಒಂದೇ ಮಧ್ಯಾಹ್ನ.

ಒಂದೇ ಒಂದು ಪದ ಮಾಡಿದ ರಾದ್ಧಾಂತ

ಎಂಥ ಕಾದಂಬರಿಗೆ ಪ್ರಶಸ್ತಿ ಕೊಡಬೇಕು? ಪುಲಿಟ್ಜರ್ ತಮ್ಮ ಉಯಿಲಿನಲ್ಲಿ, ಅಮೆರಿಕದ ಬದುಕಿನ ‘ಇಡೀ’ ವಾತಾವರಣವನ್ನು ತೋರಿಸುವ ಕಾದಂಬರಿಗೆ ಕೊಡಿ ಎಂಬ ಅರ್ಥದಲ್ಲಿ ಬರೆದಿದ್ದರು. ಇಂಗ್ಲಿಷಿನಲ್ಲಿ ‘ಹೋಲ್’. ಪ್ರಶಸ್ತಿ ಶುರುವಾಗುವ ಹೊತ್ತಿಗೆ ಆ ಪದಕ್ಕೆ ಬಾಲ ಸೇರಿಸಿ ‘ಹೋಲ್‌ಸಮ್’ ಎಂದು ಮಾಡಿದರು. ಈಗ ಅರ್ಥವೇ ಬೇರೆ. ಅಮೆರಿಕದ ಬದುಕಿನ ‘ಸಭ್ಯ, ಆರೋಗ್ಯಕರ’ ವಾತಾವರಣ ತೋರಿಸಬೇಕು!

ಬಡತನ, ಮೋಸ, ಊರಿನ ಸಣ್ಣತನ ತೋರಿಸುವ ಕಾದಂಬರಿಗೆ ಈ ಪದ ಗೋಡೆಯಾಯಿತು. 1921ರಲ್ಲಿ ಜ್ಯೂರಿ ಹೇಳಿದ್ದು ಸಿಂಕ್ಲೇರ್ ಲೂಯಿಸ್ ಅವರ ‘ಮೇನ್ ಸ್ಟ್ರೀಟ್’ ಕಾದಂಬರಿಯ ಹೆಸರು. ಸಣ್ಣ ಊರಿನ ಸಂಕುಚಿತ ಬುದ್ಧಿಯನ್ನು ಬಿಚ್ಚಿಟ್ಟ ಪುಸ್ತಕ ಅದು. ಮೇಲಿನವರು ಅದನ್ನು ತಳ್ಳಿ ಎಡಿತ್ ವಾರ್ಟನ್ ಅವರ ‘ದಿ ಏಜ್ ಆಫ್ ಇನೊಸೆನ್ಸ್’ ಕೃತಿಗೆ ಕೊಟ್ಟರು. ಕಾದಂಬರಿಗೆ ಈ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ವಾರ್ಟನ್. ಆದರೆ ಒಳಗಿನ ಸಂಗತಿ ತಿಳಿದಾಗ ಅವರಿಗೇ ಸಂತೋಷವಾಗಲಿಲ್ಲ. ದೇಶದ ನೀತಿಯನ್ನು ಎತ್ತಿ ಹಿಡಿದದ್ದಕ್ಕೆ ತನಗೆ ಬಹುಮಾನ ಬಂತು ಎಂಬುದು ಅವರ ಬೇಸರ. ಅದನ್ನು ಲೂಯಿಸ್‌ಗೆ ಪತ್ರದಲ್ಲಿ ಬರೆದರು. ಲೂಯಿಸ್ ತಮ್ಮ ಮುಂದಿನ ಕಾದಂಬರಿಯನ್ನು ವಾರ್ಟನ್‌ಗೆ ಅರ್ಪಿಸಿದರು. ಪ್ರಶಸ್ತಿಯ ಎರಡು ತುದಿಯಲ್ಲಿದ್ದ ಇಬ್ಬರೂ ಹೀಗೆ ಸ್ನೇಹಿತರಾದದ್ದು ಈ ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ.

1926ರಲ್ಲಿ ಲೂಯಿಸ್‌ಗೇ ಪ್ರಶಸ್ತಿ ಬಂತು. ಅವರು ಬೇಡ ಎಂದರು. ಸಾಹಿತ್ಯದ ಗುಣಕ್ಕಲ್ಲ, ಆಗಿನ ಕಾಲದ ಸಭ್ಯತೆಯ ಕಲ್ಪನೆಗೆ ಹೊಂದುವುದಕ್ಕೆ ಈ ಪ್ರಶಸ್ತಿ ಕೊಡುತ್ತಾರೆ ಎಂಬುದು ಅವರ ವಾದ. ನಾಲ್ಕು ವರ್ಷದ ನಂತರ ನೊಬೆಲ್ ಬಂದಾಗ ತೆಗೆದುಕೊಂಡರು. ಮುಂದೆ ಆ ನಿಯಮವೂ ಹೋಯಿತು.

ನಾಟಕ: ಓದಿಗೋ, ನೋಟಕ್ಕೋ?

ನಾಟಕಕ್ಕೆ ಎರಡು ಜೀವ. ಒಂದು ಪುಸ್ತಕದಲ್ಲಿ, ಒಂದು ರಂಗದ ಮೇಲೆ. ‘ತುಘಲಕ್’ ಓದಿದವರಿಗೆ ಸಿಗುವುದೇ ಬೇರೆ, ನೋಡಿದವರಿಗೆ ಸಿಗುವುದೇ ಬೇರೆ. ಹಾಗಾದರೆ ಪ್ರಶಸ್ತಿ ಯಾವುದಕ್ಕೆ?

ಪುಲಿಟ್ಜರ್ ನಾಟಕಕಾರರಿಗೆ ಹೋಗುತ್ತದೆ. ನಟರಿಗಲ್ಲ, ನಿರ್ದೇಶಕರಿಗಲ್ಲ. ಆದರೆ ಆ ವರ್ಷ ನಾಟಕ ಅಮೆರಿಕದ ಯಾವುದಾದರೂ ರಂಗದ ಮೇಲೆ ಆಡಿರಬೇಕು. ನ್ಯೂಯಾರ್ಕಿನ ಬ್ರಾಡ್‌ವೇ ಎಂಬ ರಂಗಮಂದಿರಗಳ ಬೀದಿಯ ದೊಡ್ಡ ಥಿಯೇಟರೇ ಆಗಬೇಕೆಂದಿಲ್ಲ, ಸಣ್ಣ ಊರಿನ ತಂಡವೂ ಆಗಬಹುದು. ನಟನೆ, ಬೆಳಕು, ರಂಗಸಜ್ಜಿಕೆ ಎಲ್ಲಕ್ಕೂ ಬೇರೆ ಬೇರೆ ಬಹುಮಾನ ಕೊಡುವ ‘ಟೋನಿ’ ಬೇರೆ, ಅದು ಬ್ರಾಡ್‌ವೇಗೆ ಸೀಮಿತ.

ಯೂಜೀನ್ ಓನೀಲ್‌ಗೆ ನಾಲ್ಕು ಸಲ ಬಂದಿದೆ, ಕೊನೆಯದು 1957ರಲ್ಲಿ, ಅವರು ತೀರಿಕೊಂಡ ಮೇಲೆ. ಆರ್ಥರ್ ಮಿಲ್ಲರ್‌ರ ‘ಡೆತ್ ಆಫ್ ಎ ಸೇಲ್ಸ್‌ಮನ್’ಗೆ 1949ರಲ್ಲಿ. 1963ರಲ್ಲಿ ಮಾತ್ರ ಇಲ್ಲೂ ಜಗಳ. ಎಡ್ವರ್ಡ್ ಆಲ್ಬಿಯ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ನಾಟಕವನ್ನು ಜ್ಯೂರಿ ಆರಿಸಿತು. ಗಂಡ ಹೆಂಡತಿ ರಾತ್ರಿಯಿಡೀ ಕುಡಿದು ಒಬ್ಬರನ್ನೊಬ್ಬರು ಬಯ್ದುಕೊಳ್ಳುವ ನಾಟಕ. ಮೇಲಿನವರು ಒಪ್ಪಲಿಲ್ಲ. ಜ್ಯೂರಿಯ ಇಬ್ಬರು ರಾಜೀನಾಮೆ ಕೊಟ್ಟು ಹೊರನಡೆದರು.

ಹಾಡು ಕುಣಿತ ತುಂಬಿದ ‘ಮ್ಯೂಸಿಕಲ್’ ನಾಟಕಗಳೂ ಈ ವಿಭಾಗಕ್ಕೇ ಬರುತ್ತವೆ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಈ ಪ್ರಕಾರ ಅರ್ಥ ಮಾಡಿಸುವುದೇ ಬೇಡ. ಹಾಡು ತೆಗೆದರೆ ಕಥೆ ಮುಂದೆ ಹೋಗುವುದಿಲ್ಲ. ಮೊದಲ ಸಲ ಮ್ಯೂಸಿಕಲ್ ಒಂದಕ್ಕೆ ಪುಲಿಟ್ಜರ್ ಬಂದದ್ದು 1932ರಲ್ಲಿ, ‘ಆಫ್ ದೀ ಐ ಸಿಂಗ್’ಗೆ. ಸಂಭಾಷಣೆ ಬರೆದ ಇಬ್ಬರಿಗೆ ಕೊಟ್ಟರು, ಹಾಡಿನ ಸಾಹಿತ್ಯ ಬರೆದ ಐರಾ ಗರ್ಶ್‌ವಿನ್‌ಗೆ ಕೊಟ್ಟರು. ಅದಕ್ಕೆ ಸಂಗೀತ ಕಟ್ಟಿದ ಐರಾನ ತಮ್ಮ ಜಾರ್ಜ್ ಗರ್ಶ್‌ವಿನ್‌ಗೆ ಕೊಡಲಿಲ್ಲ! ನಾಟಕದ ಪ್ರಶಸ್ತಿ ಅಂದರೆ ಮಾತಿಗೆ ಸಿಗುವಂಥದ್ದು, ರಾಗಕ್ಕಲ್ಲ ಎಂಬುದು ಆಗಿನ ತಿಳಿವಳಿಕೆ. ಜಾರ್ಜ್ ಹುಟ್ಟಿ ನೂರು ವರ್ಷ ಆದಾಗ, 1998ರಲ್ಲಿ, ಅವರಿಗೆ ಮರಣೋತ್ತರವಾಗಿ ವಿಶೇಷ ಗೌರವ ಕೊಟ್ಟರು.

1996ರ ‘ರೆಂಟ್’ ಕಥೆ ಕೇಳಿದರೆ ಎದೆ ಭಾರವಾಗುತ್ತದೆ. ಅದನ್ನು ಬರೆದು ಸಂಗೀತ ಕೂಡಿಸಿದ ಜೊನಾಥನ್ ಲಾರ್ಸನ್‌ಗೆ ಆಗ 35 ವರ್ಷ. ಜನವರಿ 25ರಂದು ನ್ಯೂಯಾರ್ಕಿನ ಸಣ್ಣ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಇತ್ತು. ಆ ದಿನ ಬೆಳಗಿನ ಜಾವವೇ ಲಾರ್ಸನ್ ತೀರಿಕೊಂಡರು. ಏಪ್ರಿಲ್‌ನಲ್ಲಿ ಪುಲಿಟ್ಜರ್ ಬಂತು.

2016ರಲ್ಲಿ ಗೆದ್ದ ‘ಹ್ಯಾಮಿಲ್ಟನ್’ ಅಮೆರಿಕ ದೇಶ ಕಟ್ಟಿದವರ ಕಥೆಯನ್ನು ರ‍್ಯಾಪ್ ಹಾಡಿನಲ್ಲಿ ಹೇಳಿತು. 2025ರಲ್ಲಿ ಬ್ರ್ಯಾಂಡನ್ ಜೇಕಬ್ಸ್-ಜೆಂಕಿನ್ಸ್ ಅವರ ‘ಪರ್ಪಸ್’ಗೆ ಬಂತು.

ಸಂಗೀತ: ಕಾಗದದ ಮೇಲಿಲ್ಲದ್ದು ಕೃತಿಯೇ?

ಸಂಗೀತಕ್ಕೆ ಪುಲಿಟ್ಜರ್ ಶುರುವಾದದ್ದು ತಡವಾಗಿ, 1943ರಲ್ಲಿ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಆಸಕ್ತಿ ಇರುವುದು ಈ ಭಾಗದಲ್ಲಿ. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿನ ಜಗಳ ಥಟ್ಟನೆ ಅರ್ಥವಾಗುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸಂಯೋಜಕರು ಪ್ರತಿ ಸ್ವರವನ್ನೂ ಕಾಗದದ ಮೇಲೆ ಬರೆಯುತ್ತಾರೆ. ಅದಕ್ಕೆ ‘ಸ್ಕೋರ್’ ಅನ್ನುತ್ತಾರೆ. ನುಡಿಸುವವರು ಅದನ್ನು ಓದಿ ನುಡಿಸುತ್ತಾರೆ. ಪುಲಿಟ್ಜರ್‌ಗೆ ಕಳಿಸಬೇಕಾಗಿದ್ದದ್ದು ಆ ಸ್ಕೋರ್. ಮೊದಲ ಪ್ರದರ್ಶನ ಅದೇ ವರ್ಷ ಆಗಿರಬೇಕು, ಬರೆದದ್ದು ಯಾವಾಗಲಾದರೂ ಸರಿ. ಹಾಗಾಗಿ ಚಾರ್ಲ್ಸ್ ಐವ್ಸ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬರೆದ ಮೂರನೇ ಸಿಂಫನಿ (ವಾದ್ಯವೃಂದಕ್ಕೆಂದು ಬರೆದ ದೊಡ್ಡ ಕೃತಿ) 1946ರಲ್ಲಿ ಮೊದಲು ಕೇಳಿಸಿ, 1947ರಲ್ಲಿ ಗೆದ್ದಿತು.

ಇದು ಶಾಸ್ತ್ರೀಯಕ್ಕೆ ಸರಿ. ಜಾಜ್‌ಗೆ? ಜಾಜ್ ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ಅದರ ಜೀವ ಇರುವುದು ನಾವು ಮನೋಧರ್ಮ ಅನ್ನುತ್ತೇವಲ್ಲ, ಅದರಲ್ಲಿ. ಕಲಾವಿದ ಆ ಕ್ಷಣಕ್ಕೆ ತೋಚಿದ್ದನ್ನು ಚೌಕಟ್ಟಿನ ಒಳಗೇ ಬೆಳೆಸುತ್ತಾ ಹೋಗುತ್ತಾನೆ. ಮಲ್ಲಿಕಾರ್ಜುನ ಮನ್ಸೂರರು ಒಂದು ಗಂಟೆ ಹಾಡಿದ್ದನ್ನು ಕಾಗದದ ಮೇಲೆ ಬರೆದು ಕೊಡಿ, ಬರೆಯದಿದ್ದರೆ ಅದು ಕೃತಿಯೇ ಅಲ್ಲ ಎಂದು ಯಾರಾದರೂ ಹೇಳಿದರೆ ಧಾರವಾಡದಲ್ಲಿ ಸುಮ್ನೆ ಬಿಡುತ್ತಾರಾ? ಪುಲಿಟ್ಜರ್‌ನ ನಿಯಮ ಹೆಚ್ಚು ಕಡಿಮೆ ಹಾಗೆಯೇ ಇತ್ತು.

1965ರಲ್ಲಿ ಜ್ಯೂರಿಗೆ ಆ ವರ್ಷದ ಯಾವ ಕೃತಿಯೂ ಹಿಡಿಸಲಿಲ್ಲ. ಅದರ ಬದಲು ಡ್ಯೂಕ್ ಎಲಿಂಗ್ಟನ್‌ಗೆ ಅವರ ಒಟ್ಟು ಸಾಧನೆಗಾಗಿ ವಿಶೇಷ ಗೌರವ ಕೊಡಿ ಎಂದು ಹೇಳಿತು. ಎಲಿಂಗ್ಟನ್ ಜಾಜ್‌ನ ಮಹಾ ಸಂಯೋಜಕ, ಕಪ್ಪು ಕಲಾವಿದ. ಬೋರ್ಡ್ ಒಪ್ಪಲಿಲ್ಲ. ಜ್ಯೂರಿಯ ಇಬ್ಬರು ರಾಜೀನಾಮೆ ಕೊಟ್ಟರು. ಆಗ 66 ವರ್ಷದ ಎಲಿಂಗ್ಟನ್ ಹೇಳಿದರು: “ವಿಧಿ ನನ್ನ ಮೇಲೆ ಕರುಣೆ ತೋರುತ್ತಿದೆ. ಇಷ್ಟು ಚಿಕ್ಕ ವಯಸ್ಸಿನಲ್ಲೇ ನಾನು ಜಾಸ್ತಿ ಹೆಸರು ಮಾಡುವುದು ಅದಕ್ಕೆ ಬೇಡವಂತೆ.” ನಗುತ್ತಾ ಹೇಳಿದ ಮಾತಿನ ಒಳಗೆ ಎಷ್ಟು ನೋವಿರಬೇಕು! ಅವರು 1974ರಲ್ಲಿ ತೀರಿಕೊಂಡರು. ಗೌರವ ಬಂದದ್ದು 1999ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ.

ಅದಕ್ಕೆ ಎರಡು ವರ್ಷ ಮೊದಲು, 1997ರಲ್ಲಿ, ಬಾಗಿಲು ತೆರೆದಿತ್ತು. ವಿಂಟನ್ ಮಾರ್ಸಾಲಿಸ್ ಗುಲಾಮಗಿರಿಯ ಬಗ್ಗೆ ಕಟ್ಟಿದ ‘ಬ್ಲಡ್ ಆನ್ ದಿ ಫೀಲ್ಡ್ಸ್’ ಪುಲಿಟ್ಜರ್ ಗೆದ್ದ ಮೊದಲ ಜಾಜ್ ಕೃತಿಯಾಯಿತು. 2004ರಲ್ಲಿ ನಿಯಮ ಸಡಿಲವಾಯಿತು. ಸ್ಕೋರ್ ಕಡ್ಡಾಯ ಅಲ್ಲ, ಧ್ವನಿಮುದ್ರಣವೂ ಸಾಕು ಎಂದರು. 2007ರಲ್ಲಿ ಆರ್ನೆಟ್ ಕೋಲ್ಮನ್ ಅವರ ಜಾಜ್ ಆಲ್ಬಂ ಗೆದ್ದಿತು.

2018ರಲ್ಲಿ ಇನ್ನೂ ದೊಡ್ಡ ಹೆಜ್ಜೆ. ಜ್ಯೂರಿ ಕೂತು ಕೇಳುತ್ತಿದ್ದ ಕೃತಿಗಳಲ್ಲಿ ಹಿಪ್-ಹಾಪ್, ಅಂದರೆ ರ‍್ಯಾಪ್ ಹಾಡಿನ ಸಂಗೀತದ ಪ್ರಭಾವ ಕಾಣುತ್ತಿತ್ತು. ಪ್ರಭಾವವನ್ನು ಕೇಳುತ್ತಿದ್ದೇವೆ, ಹಿಪ್-ಹಾಪನ್ನೇ ಯಾಕೆ ಕೇಳಬಾರದು ಎಂಬ ಮಾತು ಬಂತು. ಹಾಗೆ ಕೇಳಿದ ಕೆಂಡ್ರಿಕ್ ಲಮಾರ್ ಅವರ ‘ಡ್ಯಾಮ್’ ಆಲ್ಬಂ ಗೆದ್ದಿತು. ಶಾಸ್ತ್ರೀಯ, ಜಾಜ್ ಎರಡರ ಆಚೆಗೆ ಹೋದ ಮೊದಲ ಸಂಗೀತ ಪುಲಿಟ್ಜರ್ ಅದು.

2025ರಲ್ಲಿ ತಾಳವಾದ್ಯ ಕಲಾವಿದೆ ಸೂಸಿ ಇಬಾರಾ ಅವರ ‘ಸ್ಕೈ ಐಲ್ಯಾಂಡ್ಸ್’ಗೆ ಸಿಕ್ಕಿತು. ಫಿಲಿಪ್ಪೀನ್ಸ್‌ನ ಬೆಟ್ಟದ ಮೇಲಿನ ಮಳೆಕಾಡುಗಳಿಂದ ಹುಟ್ಟಿದ ಸಂಗೀತ. ‘ಆಕಾಶದ ದ್ವೀಪ’ ಎಂಬ ಈ ಹೆಸರನ್ನು ವಿಜ್ಞಾನಿಗಳು ನಮ್ಮ ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಿಗೂ ಬಳಸುತ್ತಾರೆ.

ನಮ್ಮವರಿಗೆ ಸಿಗುತ್ತದಾ?

ಕನ್ನಡದಿಂದ ಅನುವಾದವಾದ ಪುಸ್ತಕಕ್ಕೆ ಸಿಗುವುದಿಲ್ಲ. ಪುಲಿಟ್ಜರ್‌ಗೆ ಪುಸ್ತಕ ಮೂಲತಃ ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿ ಪ್ರಕಟವಾಗಿರಬೇಕು. ಇಂಟರ್‌ನ್ಯಾಷನಲ್ ಬೂಕರ್ ಇರುವುದೇ ಅನುವಾದಕ್ಕೆ. ಅದಕ್ಕೇ ಬಾನು ಮುಷ್ತಾಕ್ ಅವರೂ ಅನುವಾದಕಿ ದೀಪಾ ಭಾಸ್ತಿ ಅವರೂ ಆ ಹಣವನ್ನು ಸಮನಾಗಿ ಹಂಚಿಕೊಂಡರು. ಎರಡೂ ಪ್ರಶಸ್ತಿ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವು.

ಇತಿಹಾಸ ಬಿಟ್ಟು ಉಳಿದ ಪುಸ್ತಕಗಳಿಗೆ, ಲೇಖಕರು ಅಮೆರಿಕದ ಪ್ರಜೆ ಆಗಿರಬೇಕು ಎಂಬ ನಿಯಮವೂ ಬಹಳ ಕಾಲ ಇತ್ತು. ಚಿಕ್ಕ ವಯಸ್ಸಿಗೇ ಬಂದು, ಅಲ್ಲೇ ಬೆಳೆದು, ಪಾಸ್‌ಪೋರ್ಟ್ ಮಾತ್ರ ಇಲ್ಲದ ಲೇಖಕರು ಹೊರಗೇ ಉಳಿಯುತ್ತಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಎಲ್ ಸಾಲ್ವಡಾರ್‌ನಿಂದ ಒಬ್ಬನೇ ಬಂದಿದ್ದ ಕವಿ ಹಾವಿಯರ್ ಸಮೋರಾ 2023ರಲ್ಲಿ ಇದನ್ನು ಪ್ರಶ್ನಿಸಿ ಬರೆದರು. ನೂರಾರು ಲೇಖಕರು ಜೊತೆಗೂಡಿದರು. ಅದೇ ವರ್ಷ ನಿಯಮ ಬದಲಾಯಿತು. 2025ರ ಪ್ರಶಸ್ತಿಯಿಂದ, ಅಮೆರಿಕವನ್ನೇ ಮನೆ ಮಾಡಿಕೊಂಡು ಬಹುಕಾಲದಿಂದ ಇರುವವರಿಗೂ ಅವಕಾಶ ಸಿಕ್ಕಿತು. ಹಂಗೇರಿಯಿಂದ ಬಂದ ವಲಸಿಗನ ಹೆಸರಿನ ಪ್ರಶಸ್ತಿಗೆ ಇದು ಆಗಲೇಬೇಕಿದ್ದ ಬದಲಾವಣೆ.

ಬೆಂಗಳೂರಿಗೆ ಇದರ ನಂಟು ಇದೆ. 2014ರ ಕವಿತೆಯ ಪುಲಿಟ್ಜರ್ ‘3 ಸೆಕ್ಷನ್ಸ್’ ಎಂಬ ಸಂಕಲನಕ್ಕೆ ಬಂತು. ಕವಿ ವಿಜಯ್ ಶೇಷಾದ್ರಿ. ಹುಟ್ಟಿದ್ದು 1954ರಲ್ಲಿ, ಬೆಂಗಳೂರಿನಲ್ಲಿ. ಐದನೇ ವಯಸ್ಸಿಗೆ ಅಮೆರಿಕಕ್ಕೆ ಹೋಗಿ ಒಹಾಯೋದ ಕೊಲಂಬಸ್ ಊರಿನಲ್ಲಿ ಬೆಳೆದರು. ಆಗ ನಮ್ಮಲ್ಲಿ ಅವರ ಬಗ್ಗೆ ಆದ ಚರ್ಚೆ ಸಾಲದು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೆ ಮೂರು ವರ್ಷ ಮೊದಲು, 2011ರಲ್ಲಿ, ದೆಹಲಿಯಲ್ಲಿ ಹುಟ್ಟಿದ ವೈದ್ಯ ಸಿದ್ಧಾರ್ಥ ಮುಖರ್ಜಿ ಕ್ಯಾನ್ಸರ್ ಕಾಯಿಲೆಯ ಚರಿತ್ರೆ ಬರೆದು ಜನರಲ್ ನಾನ್‌ಫಿಕ್ಷನ್ ವಿಭಾಗದಲ್ಲಿ ಗೆದ್ದಿದ್ದರು.

ಹಳೆಯ ಪಟ್ಟಿಗಳನ್ನು ನೋಡುವುದು ಹೇಗೆ?

1917ರಿಂದ ಇಲ್ಲಿಯವರೆಗೆ ಗೆದ್ದವರ ಪಟ್ಟಿ ಪುಲಿಟ್ಜರ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಗೆದ್ದ ಹೆಸರಿನ ಕೆಳಗಿರುವ ಫೈನಲಿಸ್ಟ್‌ಗಳನ್ನೂ ಓದಿ ಎಂದು ನಾನು ಹೇಳುತ್ತೇನೆ. ನೂರಾರು ಪುಸ್ತಕ ಓದಿದ ಜ್ಯೂರಿ ಆರಿಸಿದ್ದು ಅವೆಲ್ಲವನ್ನೂ. 2012ರಲ್ಲಿ ಯಾರಿಗೂ ಸಿಗದ ವರ್ಷದ ಫೈನಲಿಸ್ಟ್, ಡೆನಿಸ್ ಜಾನ್ಸನ್ ಅವರ ‘ಟ್ರೇನ್ ಡ್ರೀಮ್ಸ್’, ನೂರ ಚಿಲ್ಲರೆ ಪುಟದ ಪುಟ್ಟ ಪುಸ್ತಕ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿಬರುವಷ್ಟರಲ್ಲಿ ಓದಿ ಮುಗಿಸಬಹುದು.

1981ರ ಸಾಲನ್ನೂ ನೋಡಿ. ‘ಎ ಕಾನ್ಫೆಡರಸಿ ಆಫ್ ಡನ್ಸಸ್’ ಎಂಬ ಕಾದಂಬರಿ. ಬರೆದ ಜಾನ್ ಕೆನಡಿ ಟೂಲ್ ಅದು ಪ್ರಕಟವಾಗುವುದನ್ನು ನೋಡಲಿಲ್ಲ. 1969ರಲ್ಲಿ, 31ನೇ ವಯಸ್ಸಿಗೆ ಹೋಗಿಬಿಟ್ಟರು. ಆಮೇಲೆ ಅವರ ತಾಯಿ ಥೆಲ್ಮಾ ಆ ಹಸ್ತಪ್ರತಿ ಹಿಡಿದು ವರ್ಷಗಟ್ಟಲೆ ಪ್ರಕಾಶಕರ ಬಾಗಿಲು ತಟ್ಟಿದರು. ಯಾರೂ ಬೇಕೆನ್ನಲಿಲ್ಲ. 1976ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಪಾಠ ಮಾಡುತ್ತಿದ್ದ ಕಾದಂಬರಿಕಾರ ವಾಕರ್ ಪರ್ಸಿಯ ಬೆನ್ನು ಬಿದ್ದರು. ಕೈಯಲ್ಲಿದ್ದದ್ದು ಮಸಿ ಹರಡಿ ಅಕ್ಷರವೂ ಸರಿಯಾಗಿ ಕಾಣದ ಕಾರ್ಬನ್ ಪ್ರತಿ. ಪರ್ಸಿ ಎರಡು ಪುಟ ಓದಿ ಬಿಡೋಣ ಎಂದು ಕೂತರು, ಪೂರ್ತಿ ಓದಿದರು. 1980ರಲ್ಲಿ ಲೂಯಿಸಿಯಾನಾದ ವಿಶ್ವವಿದ್ಯಾಲಯವೊಂದು ಅದನ್ನು ಅಚ್ಚು ಹಾಕಿತು. ಮುಂದಿನ ವರ್ಷ ಆ ತಾಯಿಗೆ ಮಗನ ಪುಸ್ತಕ ಗೆದ್ದ ಸುದ್ದಿ ಬಂತು.